9ನೇ ಕ್ಲಾಸಿನಲ್ಲಿ ಜಿಪಿಎ 2.33, ಈಗ 3.67: ಮಗನಿಗೆ ಯೂಸಿ ಸಿಗುತ್ತಾ?

ಫ್ರೀಮಾಂಟ್ ಅಮ್ಮ (ಜೂನ್ 2025)

ಎಲ್ಲರಿಗೂ ನಮಸ್ಕಾರ. ಇದನ್ನು ಕನ್ನಡ ಕೂಟದ ವಾಟ್ಸಾಪ್ ಗ್ರೂಪಿನಲ್ಲಿ ಕೇಳಿದರೆ ನಾಳೆ ಬೆಳಿಗ್ಗೆ ಇಡೀ ಬೇ ಏರಿಯಾಗೆ ಗೊತ್ತಾಗಿರುತ್ತದೆ. ಇಲ್ಲಿ ಹೆಸರು ಕಾಣಲ್ಲ, ಅದೇ ಧೈರ್ಯ.

ನಾವು ಮೈಸೂರಿನಿಂದ 2022ರ ಆಗಸ್ಟ್‌ನಲ್ಲಿ ಬಂದೆವು. ಮಗ ನೇರವಾಗಿ 9ನೇ ಕ್ಲಾಸಿಗೆ ಸೇರಿದ. ಅಲ್ಲಿ ವರ್ಷವೆಲ್ಲ ಆಡಿಕೊಂಡಿದ್ದು, ಪರೀಕ್ಷೆಗೆ ಹದಿನೈದು ದಿನ ಇರುವಾಗ ಕೂತು ಓದಿ 85 ತರುತ್ತಿದ್ದ ಹುಡುಗ. ಇಲ್ಲೂ ಅದನ್ನೇ ಮಾಡಿದ. ನಾನೂ ಸುಮ್ಮನಿದ್ದೆ, ಕೊನೇ ಪರೀಕ್ಷೆಯಲ್ಲಿ ಎತ್ತಿಕೊಳ್ಳುತ್ತಾನೆ ಅಂತ. ಇಲ್ಲಿ ದಿನದಿನದ ಹೋಮ್‌ವರ್ಕ್ ಕೂಡ ಗ್ರೇಡಿಗೆ ಸೇರುತ್ತದೆ ಎಂದು ನಮಗೆ ಯಾರೂ ಹೇಳಿರಲಿಲ್ಲ. ಡಿಸೆಂಬರ್‌ನಲ್ಲಿ ಸ್ಕೂಲಿನ ಪೋರ್ಟಲ್ ತೆಗೆದು ನೋಡಿದರೆ ಸಾಲು ಸಾಲು ‘ಮಿಸ್ಸಿಂಗ್’. ಬೆರಳಿಟ್ಟು ಎಣಿಸಿದೆ. 41 ಇತ್ತು. ಟೆಸ್ಟ್‌ಗಳಲ್ಲೆಲ್ಲ 80ರ ಮೇಲಿದ್ದವನಿಗೆ ಆಲ್ಜೀಬ್ರಾದಲ್ಲಿ ಡಿ ಬಂತು. ಎರಡನೇ ಸೆಮಿಸ್ಟರ್‌ನಲ್ಲೂ ಡಿ.

10ನೇ ಕ್ಲಾಸಿನಲ್ಲಿ ಒಂದು ರೂಢಿ ಮಾಡಿಕೊಂಡೆವು. ಭಾನುವಾರ ರಾತ್ರಿ ಊಟ ಆದ ಮೇಲೆ ಟೇಬಲ್ ಒರೆಸಿ, ಪೋರ್ಟಲ್ ತೆಗೆದು, ಆ ವಾರ ಏನೇನು ಕೊಡಬೇಕೋ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಫ್ರಿಜ್‌ಗೆ ಅಂಟಿಸುವುದು. ಮೊದಲು ನಾನು ಬರೆಯುತ್ತಿದ್ದೆ. 11ನೇ ಕ್ಲಾಸಿಗೆ ಬರುವಷ್ಟರಲ್ಲಿ ಅವನೇ ಬರೆಯುತ್ತಿದ್ದ.

ಆರು ಸೆಮಿಸ್ಟರ್‌ಗಳ ಜಿಪಿಎ (ಗ್ರೇಡುಗಳ ಸರಾಸರಿ) ಹೀಗಿದೆ: 2.33, 2.33, 2.67, 3.0, 3.33, 3.67. ಸ್ಕೂಲಿನ ಕಾಗದದಲ್ಲಿ ಒಟ್ಟು 2.89. ಒಂದೇ ಒಂದು ಎಪಿ (ಕಾಲೇಜು ಮಟ್ಟದ ಕೋರ್ಸು) ಇದೆ, ಎನ್ವಿರಾನ್‌ಮೆಂಟಲ್ ಸೈನ್ಸ್, 11ರಲ್ಲಿ. ನನಗೆ ಅವನನ್ನು ಯಾವುದಾದರೂ ಯೂಸಿಯಲ್ಲಿ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಕ್ಯಾಂಪಸ್ಸಿನಲ್ಲಿ) ಕಂಪ್ಯೂಟರ್ ಸೈನ್ಸ್‌ಗೆ ಹಾಕುವ ಆಸೆ. ಪಕ್ಕದ ಮನೆಯವರ ಮಗಳಿಗೆ 4.3 ಅಂತೆ. 2.89 ಹಿಡಿದುಕೊಂಡು ಅರ್ಜಿ ಹಾಕುವುದೇ ದಂಡವಾ? ಉಳಿದಿರುವುದು ಈ ಬೇಸಿಗೆ ಮತ್ತು 12ನೇ ಕ್ಲಾಸು ಮಾತ್ರ.

ಬೆಲ್ಲದಚ್ಚು

ಅಕ್ಕ, ಮೊದಲು ಆ 2.89 ಅನ್ನು ಪಕ್ಕಕ್ಕಿಡಿ. ಯೂಸಿಯವರು ನಿಮ್ಮ ಸ್ಕೂಲಿನ ಜಿಪಿಎಯನ್ನು ಹಾಗೇ ತೆಗೆದುಕೊಳ್ಳಲ್ಲ, ಅವರದೇ ಲೆಕ್ಕ ಹಾಕುತ್ತಾರೆ. ಅದಕ್ಕೆ ಬೇಕಾಗಿರುವುದು 10 ಮತ್ತು 11ನೇ ಕ್ಲಾಸಿನ ಗ್ರೇಡು ಮಾತ್ರ. 9ನೇ ಕ್ಲಾಸಿನ ಗ್ರೇಡು ಅವರಿಗೆ ಕಾಣುತ್ತದೆ, ಕೋರ್ಸಿನಲ್ಲಿ ಸಿ ಆದರೂ ಇರಬೇಕು ಕೂಡ, ಆದರೆ ಜಿಪಿಎಗೆ ಸೇರುವುದಿಲ್ಲ.

ನನ್ನ ಮಗಳ ಸಲ ಈ ಲೆಕ್ಕದಲ್ಲೇ ಮೂರು ರಾತ್ರಿ ಕಳೆದಿದ್ದೆ, ಹಾಗಾಗಿ ನಿಮ್ಮದನ್ನೂ ಮಾಡಿಬಿಟ್ಟೆ. ಸೆಮಿಸ್ಟರ್‌ಗೆ ಆರು ಸಬ್ಜೆಕ್ಟ್ ಅಂತ ಇಟ್ಟುಕೊಂಡಿದ್ದೇನೆ. ಎ ಬಂದರೆ 4, ಬಿಗೆ 3, ಸಿಗೆ 2. 10ರಲ್ಲಿ ಅವನಿಗೆ 34 ಪಾಯಿಂಟ್, 11ರಲ್ಲಿ 42. ಒಟ್ಟು 76, ಅದನ್ನು 24ರಿಂದ ಭಾಗಿಸಿದರೆ 3.17. ಎಪಿ ಕೋರ್ಸಿಗೆ ಸೆಮಿಸ್ಟರ್‌ಗೆ ಒಂದು ಪಾಯಿಂಟ್ ಜಾಸ್ತಿ ಕೊಡುತ್ತಾರೆ. ಅಲ್ಲಿಗೆ 78, ಅಂದರೆ 3.25. 10ರಲ್ಲಿ ಅವನಿಗೆ ಪಿಇ (ವ್ಯಾಯಾಮದ ಕ್ಲಾಸು) ಇತ್ತಾ?

ಫ್ರೀಮಾಂಟ್ ಅಮ್ಮ

ಇತ್ತು. ಎರಡೂ ಸೆಮಿಸ್ಟರ್ ಎ. ಓಡುವುದರಲ್ಲಿ ಅವನಿಗೆ ಯಾವತ್ತೂ ಹೋಮ್‌ವರ್ಕ್ ಬಾಕಿ ಇರಲಿಲ್ಲ!

ಬೆಲ್ಲದಚ್ಚು

ಆ ಎರಡು ಎ ಬಿಟ್ಟುಬಿಡಿ. ಯೂಸಿಯವರು ಲೆಕ್ಕಕ್ಕೆ ಹಿಡಿಯುವ ಸಬ್ಜೆಕ್ಟುಗಳ ‘ಎ-ಜಿ’ ಪಟ್ಟಿಗೆ ಪಿಇ ಬರಲ್ಲ. 70 ಪಾಯಿಂಟ್, 22 ಗ್ರೇಡು. 3.18. ಕ್ಯಾಲಿಫೋರ್ನಿಯಾದವರಿಗೆ ಯೂಸಿಯ ಕನಿಷ್ಠ ಗೆರೆ 3.0. ನಿಮ್ಮ ಹುಡುಗ ಗೆರೆಯ ಕೆಳಗಿಲ್ಲ, ಮೇಲೇ ಇದ್ದಾನೆ.

ಆಲ್ಜೀಬ್ರಾ ಡಿ ಬಗ್ಗೆ: 11ರಲ್ಲಿ ಆಲ್ಜೀಬ್ರಾ 2 ಮಾಡಿದ್ದಾನಲ್ವಾ? ಅದರಲ್ಲಿ ಸಿ ಅಥವಾ ಮೇಲೆ ಬಂದಿದ್ದರೆ ಹಳೇ ಡಿಯನ್ನು ಅವರೇ ಮನ್ನಾ ಮಾಡುತ್ತಾರೆ. ಗಣಿತದಲ್ಲಿ ಮೇಲಿನ ಕೋರ್ಸು ಕೆಳಗಿನದನ್ನು ಎತ್ತಿ ಹಿಡಿಯುತ್ತದೆ. ಇಂಗ್ಲಿಷ್, ಇತಿಹಾಸದಂಥ ಸಬ್ಜೆಕ್ಟಿನಲ್ಲಿ ಡಿ ಇದ್ದಿದ್ದರೆ ಆ ಕೋರ್ಸನ್ನೇ ಬೇಸಿಗೆಯಲ್ಲಿ ಮತ್ತೆ ಮಾಡಬೇಕಿತ್ತು.

ಫ್ರೀಮಾಂಟ್ ಅಮ್ಮ

ಆಲ್ಜೀಬ್ರಾ 2ರಲ್ಲಿ ಬಿ, ಆಮೇಲೆ ಎ. ಬೆಲ್ಲದಚ್ಚು ಅವರೇ, ಎರಡೂವರೆ ವರ್ಷ ಆ ಡಿ ನೆನೆದು ನಿದ್ದೆ ಕೆಡಿಸಿಕೊಂಡಿದ್ದೆ. ನಿಮಗೆ ಏನು ಹೇಳಲಿ ಗೊತ್ತಾಗುತ್ತಿಲ್ಲ.

ಖಾರಾಬಾತ್

ಸಮಾಧಾನ ಎಲ್ಲ ಸರಿ, ಸ್ವಲ್ಪ ನೆಲದ ಮೇಲೂ ನಿಲ್ಲೋಣ. 3.0 ಅಂದರೆ ಅರ್ಜಿ ಹಾಕಲು ಅರ್ಹತೆ, ಅಷ್ಟೇ. ಬರ್ಕ್ಲಿ, ಯೂಸಿಎಲ್‌ಎ ಬಾಗಿಲಲ್ಲಿ 4ರ ಮೇಲಿನವರೇ ಸಾಲಾಗಿ ನಿಂತಿರುತ್ತಾರೆ. ಅಲ್ಲಿ 3.18ಕ್ಕೆ ಬೆಲೆ ಇಲ್ಲ. ಇಲ್ಲಿನ ನಾಗರಿಕರಿಗೇ ಒಂದು ಕ್ಯಾಂಪಸ್ಸಿಗೆ 80 ಡಾಲರ್ ಅರ್ಜಿ ಶುಲ್ಕ, ಒಂಬತ್ತಕ್ಕೂ ಹಾಕಿದರೆ 720. ಆ ದುಡ್ಡಿನಲ್ಲಿ ಊರಿಗೆ ಹೋಗುವ ಅರ್ಧ ಟಿಕೆಟ್ ಬರುತ್ತದೆ. ಮರ್ಸೆಡ್, ರಿವರ್‌ಸೈಡ್‌ಗೆ ಹಾಕಿ. ಸ್ಯಾಂಟಾ ಕ್ರೂಜ್‌ಗೂ ಒಂದು ಕಲ್ಲು ಎಸೆಯಿರಿ. ಕಂಪ್ಯೂಟರ್ ಸೈನ್ಸ್ ಮಾತ್ರ ಈ ಅಂಕಕ್ಕೆ ಎಲ್ಲ ಕಡೆ ಕಷ್ಟ.

ಏರುತ್ತಿರುವ ಗ್ರೇಡಿಗೆ ಬೆಲೆ ಇಲ್ಲ ಅಂತ ಅಲ್ಲ. ಯೂಸಿಯವರು ಅರ್ಜಿ ನೋಡುವಾಗ ಪರಿಗಣಿಸುವ 13 ಅಂಶಗಳಲ್ಲಿ ಇತ್ತೀಚಿನ ಸುಧಾರಣೆ ಕೂಡ ಒಂದು. ನೆನಪಿಡಿ, ಒಂದು.

ಟೆಕ್ಸಸ್ ತಿಂಡಿಪೋತ

ನೀವು ಕ್ಯಾಲಿಫೋರ್ನಿಯಾದಲ್ಲಿರುವುದು ನಿಮ್ಮ ಪುಣ್ಯ. ನಮ್ಮ ಟೆಕ್ಸಸ್‌ನ ಪ್ಲೇನೋದಲ್ಲಿ ಆಗಿದ್ದರೆ 9ನೇ ಕ್ಲಾಸು ಬೆನ್ನು ಬಿಡುತ್ತಿರಲಿಲ್ಲ. ಇಲ್ಲಿ ಎಲ್ಲವೂ ಕ್ಲಾಸ್ ರ್‍ಯಾಂಕಿನ ಮೇಲೆ. 1997ರಿಂದ ಕಾನೂನೇ ಇದೆ, ಸ್ಕೂಲಿನ ಮೇಲಿನ 10 ಶೇಕಡಾದವರಿಗೆ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ನೇರ ಸೀಟು. ಆಸ್ಟಿನ್‌ನ ಟೆಕ್ಸಸ್ ಯೂನಿವರ್ಸಿಟಿ ಮಾತ್ರ ಅದನ್ನು 6ಕ್ಕೆ ಇಳಿಸಿತ್ತು, 2026ರ ಫಾಲ್‌ನಿಂದ 5 ಮಾಡಿದ್ದಾರೆ. ರ್‍ಯಾಂಕಿಗೆ 9ನೇ ಕ್ಲಾಸೂ ಸೇರುತ್ತದೆ. ನನ್ನ ತಮ್ಮನ ಮಗ 11ರಲ್ಲಿ ಎಲ್ಲದರಲ್ಲೂ ಎ ತಂದ, ರ್‍ಯಾಂಕು ಮಾತ್ರ ಮೇಲಿನ ಕಾಲುಭಾಗದೊಳಗೆ ಬರಲೇ ಇಲ್ಲ. ಹುಡುಗ ಅದೇ, ಗ್ರೇಡು ಅದೇ, ರಾಜ್ಯ ಬೇರೆ ಆದರೆ ಕಥೆಯೇ ಬೇರೆ.

ಜಯನಗರ 4ನೇ ಬ್ಲಾಕ್

ಇಷ್ಟೆಲ್ಲ ಯಾಕೆ ತಲೆ ಕೆಡಿಸಿಕೊಳ್ಳುತ್ತೀರಿ ಮೇಡಂ, ಬೆಂಗಳೂರಿಗೆ ಕಳಿಸಿ. ಮ್ಯಾನೇಜ್‌ಮೆಂಟ್ ಸೀಟು ಕೊಡಿಸಿದರಾಯಿತು. ಅಜ್ಜಿ ಮನೆ ಊಟ ಬೇರೆ.

ಬೆಲ್ಲದಚ್ಚು

ಸರ್, ಇಂಜಿನಿಯರಿಂಗಿಗೆ ಅಲ್ಲೂ ಫಿಸಿಕ್ಸ್, ಮ್ಯಾತ್ಸ್ ಬೇಕು. ಇಲ್ಲಿನ ಮಕ್ಕಳು ಎಷ್ಟೋ ಜನ ಫಿಸಿಕ್ಸ್ ಮುಟ್ಟದೇ ಹೈಸ್ಕೂಲ್ ಮುಗಿಸುತ್ತಾರೆ. ಸೇರಿಕೊಂಡ ಮೇಲೂ ಅಲ್ಲಿ ಪಿಯುಸಿಯಲ್ಲಿ ಮೂರು ಹೊತ್ತು ಪ್ರಾಬ್ಲಮ್ ಬಿಡಿಸಿ ಬಂದವರ ಜೊತೆ ಕೂರಬೇಕು. ಸುಲಭದ ದಾರಿ ಅಂತ ಅನ್ನಿಸುವುದು ದೂರದಿಂದ.

ಒಂದು ವಿಷಯ ಮಾತ್ರ ಹೋಲುತ್ತದೆ. ಸಿಇಟಿ ರ್‍ಯಾಂಕಿಗೆ ದ್ವಿತೀಯ ಪಿಯುಸಿ ಅರ್ಧ, ಸಿಇಟಿ ಅರ್ಧ. ಎಸ್ಸೆಸ್ಸೆಲ್ಸಿಯಲ್ಲಿ ಎಷ್ಟು ಬಂದಿತ್ತು ಅಂತ ಅಲ್ಲಿ ಯಾರೂ ಕೇಳಲ್ಲ. ಇಲ್ಲಿ ಯೂಸಿ 9ನೇ ಕ್ಲಾಸನ್ನು ಬಿಡುವುದೂ ಸುಮಾರು ಹಾಗೇ.

ಡಿ ಆಂಜಾ ಹಳೇ ಹುಡುಗ

ಆಂಟಿ, ನಾನು ಹೈಸ್ಕೂಲ್ ಮುಗಿಸಿದಾಗ ನನ್ನ ಜಿಪಿಎ 2.4. ಏರುತ್ತಲೂ ಇರಲಿಲ್ಲ, ಮಲಗಿತ್ತು. ಕೂಪರ್ಟಿನೋದ ಡಿ ಆಂಜಾ ಕಾಲೇಜಿಗೆ ಸೇರಿದೆ. ಎರಡು ವರ್ಷದ ಕಮ್ಯುನಿಟಿ ಕಾಲೇಜು. ಕ್ಯಾಲಿಫೋರ್ನಿಯಾದಲ್ಲಿ ಇಂಥವು 116 ಇವೆ, ಹೈಸ್ಕೂಲ್ ಮುಗಿಸಿದವರು ಯಾರೇ ಬಂದರೂ ಸೇರಿಸಿಕೊಳ್ಳುತ್ತಾರೆ. ನಿಮ್ಮ ಫ್ರೀಮಾಂಟ್‌ನಲ್ಲೇ ಓಲೋನಿ ಇದೆ. ಸೆಮಿಸ್ಟರ್ ಕಾಲೇಜುಗಳಲ್ಲಿ ಇಲ್ಲಿನವರಿಗೆ ಯೂನಿಟ್‌ಗೆ 46 ಡಾಲರ್. ಯೂಸಿಯಲ್ಲಿ ಫೀಸೇ ವರ್ಷಕ್ಕೆ 15 ಸಾವಿರದ ಆಸುಪಾಸು, ರೂಮು ಊಟ ಬೇರೆ.

ನಮ್ಮಪ್ಪ ಆ ವರ್ಷ ಯಾರ ಮನೆ ಗೃಹಪ್ರವೇಶಕ್ಕೂ ಹೋಗಲಿಲ್ಲ. ಹೋದರೆ ‘ಮಗ ಎಲ್ಲಿ ಓದ್ತಿದ್ದಾನೆ’ ಅಂತ ಕೇಳುತ್ತಾರಲ್ಲ. ಅಮ್ಮ ‘ಸ್ಯಾನ್ ಹೋಸೆ ಹತ್ತಿರ’ ಅಂತ ಹೇಳಿ ಮಾತು ತಿರುಗಿಸುತ್ತಿದ್ದಳು. ನಾನು ಮನೆಯಲ್ಲೇ ಇದ್ದುಕೊಂಡು ಬಸ್ಸಿನಲ್ಲಿ ಓಡಾಡಿ ಎರಡು ವರ್ಷ ಓದಿದೆ. ಅಲ್ಲಿಂದ ಯೂಸಿ ಡೇವಿಸ್‌ಗೆ ಟ್ರಾನ್ಸ್‌ಫರ್. ಟ್ರಾನ್ಸ್‌ಫರ್ ಅರ್ಜಿಯಲ್ಲಿ ಹೈಸ್ಕೂಲ್ ಗ್ರೇಡು ನೋಡುವುದೇ ಇಲ್ಲ. ಆ 2.4 ಯಾರ ಕಣ್ಣಿಗೂ ಬೀಳಲಿಲ್ಲ. ನನ್ನ ಡಿಗ್ರಿ ಸರ್ಟಿಫಿಕೇಟು, ನಾಲ್ಕು ವರ್ಷ ಅಲ್ಲೇ ಓದಿದ ನನ್ನ ರೂಮ್‌ಮೇಟ್ ಸರ್ಟಿಫಿಕೇಟು, ಪಕ್ಕಪಕ್ಕ ಇಟ್ಟರೆ ಹೆಸರು ಬಿಟ್ಟು ಬೇರೆ ವ್ಯತ್ಯಾಸ ಇಲ್ಲ.

ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸ್ಯಾಂಟಾ ಬಾರ್ಬರಾ, ಸ್ಯಾಂಟಾ ಕ್ರೂಜ್, ಈ ಆರು ಕಡೆ ‘ಟ್ಯಾಗ್’ ಅಂತ ಇದೆ. ಹೇಳಿದ ಕೋರ್ಸು, ಹೇಳಿದ ಜಿಪಿಎ ಇದ್ದರೆ ಸೀಟು ಗ್ಯಾರಂಟಿ. ಒಂದು ಕ್ಯಾಂಪಸ್ಸಿಗೆ ಮಾತ್ರ ಹಾಕಬಹುದು, ಸೆಪ್ಟೆಂಬರ್ ತಿಂಗಳಲ್ಲಿ. ಕೆಲವು ಕಡೆ ಕಂಪ್ಯೂಟರ್ ಸೈನ್ಸ್‌ಗೆ ಟ್ಯಾಗ್ ಇಲ್ಲ, ಅದನ್ನು ಮೊದಲೇ ನೋಡಿಕೊಳ್ಳಿ. ಯಾವ ಕೋರ್ಸು ಯಾವ ಯೂಸಿಯ ಯಾವ ಕೋರ್ಸಿಗೆ ಸಮ ಎಂದು ‘ಅಸಿಸ್ಟ್’ ಅನ್ನುವ ಸರ್ಕಾರಿ ವೆಬ್‌ಸೈಟಿನಲ್ಲಿ ಸಿಗುತ್ತದೆ. ನಾನು ಅದನ್ನು ನೋಡದೇ ಒಂದು ತಪ್ಪು ಕೋರ್ಸು ತೆಗೆದುಕೊಂಡು ಮೂರು ತಿಂಗಳು ಕಳೆದುಕೊಂಡೆ.

ಖಾರಾಬಾತ್

ಈ ದಾರಿ ಒಳ್ಳೆಯದೇ. ಆದರೆ ಶುರು ಮಾಡಿದವರೆಲ್ಲ ಎರಡು ವರ್ಷಕ್ಕೆ ದಾಟುವುದಿಲ್ಲ. ಅಲ್ಲಿ ಬೆನ್ನಟ್ಟುವವರು ಯಾರೂ ಇರಲ್ಲ. ಫ್ರಿಜ್ ಮೇಲಿನ ಹಾಳೆಯನ್ನು ತಾನೇ ಬರೆಯುವ ಹುಡುಗನಿಗೆ ಸರಿ, ಅಮ್ಮ ಬರೆದುಕೊಡಬೇಕಾದವನಿಗೆ ಕಷ್ಟ.

ಧಾರವಾಡ ಪೇಡೆ

ಅಕ್ಕಾರ, ಎಲ್ಲರೂ ಜಿಪಿಎ ಹಿಂದ ಬಿದ್ದೀರಿ, ವೀಸಾ ಯಾರೂ ಕೇಳವಲ್ರಿ. 2022ರಲ್ಲಿ ಬಂದೀರಿ ಅಂದರೆ ಹುಡುಗ ಎಚ್-4 (ಕೆಲಸದ ವೀಸಾದವರ ಮಕ್ಕಳಿಗೆ ಕೊಡುವ ವೀಸಾ) ಮೇಲೆ ಇರಬೇಕು, ಹೌದಲ್ರಿ? ಹಂಗಿದ್ದರೆ ಫಾಫ್ಸಾ ಅನ್ನೋ ಅರ್ಜಿ ಮೂಲಕ ಕೇಂದ್ರ ಸರ್ಕಾರದ ನೆರವು ಸಿಗೋದಿಲ್ಲ. ಕೈಯಿಂದ ಎಷ್ಟು ಕೊಡಬಹುದು ಅಂತ ಈಗಲೇ ಲೆಕ್ಕ ಹಾಕಿಕೊಳ್ಳಿ. ಇನ್ನೊಂದು, 21 ತುಂಬಿದ ದಿನ ಎಚ್-4 ಮುಗಿಯುತ್ತದೆ. ಅಷ್ಟರೊಳಗೆ ಎಫ್-1 (ವಿದ್ಯಾರ್ಥಿ ವೀಸಾ)ಗೆ ಅರ್ಜಿ ಹಾಕಿರಬೇಕು. ಆಗ ಫೀಸು ಸ್ಥಳೀಯರದ್ದೇ ಇರುತ್ತೋ, ಹೊರಗಿನವರದ್ದು ಆಗುತ್ತೋ ಅಂತ ಆಯಾ ಕಾಲೇಜಿನ ರೆಸಿಡೆನ್ಸಿ ಆಫೀಸಿಗೆ ಬರೆದು ಕೇಳಿ, ಉತ್ತರ ಇಮೇಲಿನಲ್ಲೇ ಇಟ್ಟುಕೊಳ್ಳಿ. ನಮ್ಮ ಮನೆಯಲ್ಲಿ ಇದನ್ನು ಕೊನೆಗೆ ಕೇಳಿ ಒಂದು ಸೆಮಿಸ್ಟರ್ ಕೈಕಾಲು ತಣ್ಣಗಾಗಿದ್ದವು.

ಫ್ರೀಮಾಂಟ್ ಅಮ್ಮ

ಹೌದು ಸರ್, ಎಚ್-4. ಅವನಿಗೆ 21 ತುಂಬುವುದು 2028ರ ಅಕ್ಟೋಬರ್‌ನಲ್ಲಿ. ಅಂದರೆ ಕಾಲೇಜಿನ ಮೂರನೇ ವರ್ಷ ಶುರುವಾದ ಹೊತ್ತಿಗೆ. ಇದು ನನ್ನ ತಲೆಗೇ ಹೊಳೆದಿರಲಿಲ್ಲ. ನಾಳೆಯೇ ಬರೆಯುತ್ತೇನೆ.

ಎಸ್‌ಎಟಿ (ಕಾಲೇಜು ಪ್ರವೇಶ ಪರೀಕ್ಷೆ) ಈಗ ಬರೆಸಲಾ? ಕೋಚಿಂಗ್‌ನವರು ಎರಡು ಸಾವಿರ ಕೇಳುತ್ತಿದ್ದಾರೆ.

ಬೆಲ್ಲದಚ್ಚು

ಯೂಸಿಯೂ ನೋಡಲ್ಲ, ಕ್ಯಾಲ್ ಸ್ಟೇಟ್‌ನವರೂ (ಈ ರಾಜ್ಯದ ಇನ್ನೊಂದು ಸರ್ಕಾರಿ ಯೂನಿವರ್ಸಿಟಿ ಗುಂಪು) ನೋಡಲ್ಲ. ಎರಡು ಸಾವಿರ ಬ್ಯಾಂಕಿನಲ್ಲಿರಲಿ. ಅರಿಜೋನಾ ಸ್ಟೇಟ್ ಥರದ ಕಡೆ 3.0 ಇದ್ದರೆ ನೇರ ಪ್ರವೇಶ, 2.5ರಿಂದ 2.99ರವರ ಅರ್ಜಿಯನ್ನು ಬಿಡಿಯಾಗಿ ಕೂತು ನೋಡುತ್ತಾರೆ. ಹೊರ ರಾಜ್ಯದ ಫೀಸು ಮಾತ್ರ ಕೈ ಸುಡುತ್ತದೆ.

ಕ್ಯಾಲ್ ಸ್ಟೇಟ್‌ಗಳನ್ನು ಮರೆಯಬೇಡಿ. ಅಲ್ಲಿ ಇಲ್ಲಿನ ಮಕ್ಕಳಿಗೆ 2.5 ಸಾಕು, ಅವರೂ 10 ಮತ್ತು 11ನ್ನೇ ಲೆಕ್ಕಕ್ಕೆ ಹಿಡಿಯುತ್ತಾರೆ. ಹೇವರ್ಡ್‌ನ ಈಸ್ಟ್ ಬೇ, ಸ್ಯಾಕ್ರಮೆಂಟೋ ಎರಡೂ ಆಗುತ್ತವೆ. ಸ್ಯಾನ್ ಹೋಸೆ ಸ್ಟೇಟ್ ಹತ್ತಿರವಿದೆ ಅಂತ ಸುಲಭ ಅಂದುಕೊಳ್ಳಬೇಡಿ, ಅಲ್ಲಿ ಕಂಪ್ಯೂಟರ್ ಸೈನ್ಸ್‌ಗೆ ನೂಕುನುಗ್ಗಲು.

ಅಂದ ಹಾಗೆ, 2019ರ ಸರ್ಕಾರಿ ಅಧ್ಯಯನದಲ್ಲಿ ದೇಶದಲ್ಲಿ ಹೈಸ್ಕೂಲ್ ಮುಗಿಸಿದವರ ಸರಾಸರಿ ಜಿಪಿಎ 3.11. 1990ರಲ್ಲಿ ಅದು 2.68 ಇತ್ತು. ಎಲ್ಲರ ಗ್ರೇಡೂ ಉಬ್ಬಿದೆ. ನಮ್ಮ ಬೇ ಏರಿಯಾದ ವಾಟ್ಸಾಪಿನಲ್ಲಿ ಮಾತ್ರ 4ರ ಕೆಳಗೆ ಮಕ್ಕಳೇ ಹುಟ್ಟಿಲ್ಲ.

ಫ್ರೀಮಾಂಟ್ ಅಮ್ಮ

ಎಲ್ಲರಿಗೂ ನಮಸ್ತೆ. ಇದನ್ನು ಬರೆಯುತ್ತಿರುವುದು ಅಮ್ಮ ಅಲ್ಲ, ಮಗ. ಲ್ಯಾಪ್‌ಟಾಪ್ ತೆರೆದೇ ಇತ್ತು, ಎಲ್ಲ ಓದಿದೆ. 41 ಅಲ್ಲ, 38. ಮೂರು ನಾನು ಕೊಟ್ಟಿದ್ದೆ, ಟೀಚರ್ ಆಮೇಲೆ ಹಾಕಿದರು.

ನನಗೆ ಕಂಪ್ಯೂಟರ್ ಸೈನ್ಸ್ ಬೇಡ. ಅಮ್ಮನಿಗೆ ಇನ್ನೂ ಹೇಳಿಲ್ಲ. ಎಪಿ ಕ್ಲಾಸಿನಲ್ಲಿ ನಾವು ಅಲಮೇಡ ಕ್ರೀಕ್‌ಗೆ ಹೋಗಿ ನೀರು ತಂದು ಅದರಲ್ಲಿ ಎಷ್ಟು ಆಕ್ಸಿಜನ್ ಇದೆ ಅಂತ ಅಳೆದೆವು. ಮೈಸೂರಿನಲ್ಲಿ ನಮ್ಮ ತಾತ ದಿನಾ ಕುಕ್ಕರಹಳ್ಳಿ ಕೆರೆಗೆ ವಾಕಿಂಗ್ ಕರೆದುಕೊಂಡು ಹೋಗುತ್ತಿದ್ದರು. ನೀರು ಯಾಕೆ ಹಸಿರು ಅಂತ ಕೇಳಿದರೆ ‘ಪಾಚಿ ಕಣೋ’ ಅನ್ನುತ್ತಿದ್ದರು. ಪಾಚಿ ಯಾಕೆ ಬಂತು ಅಂತ ನನಗೆ ಗೊತ್ತಾಗಿದ್ದು ಹೋದ ವರ್ಷ. ಅದನ್ನೇ ಓದಬೇಕು ಅಂತ ಇದೆ.

ಡಿ ಆಂಜಾ ಹಳೇ ಹುಡುಗ

ತಮ್ಮಾ, ಈಗ ಹೇಳಿಬಿಟ್ಟೆಯಲ್ಲ!

ಬೆಲ್ಲದಚ್ಚು

ಪುಟ್ಟ, ಈಗ ಬರೆದೆಯಲ್ಲ, ಅದೇ ನಿನ್ನ ಪ್ರಬಂಧ. ಯೂಸಿಯವರು ಎಂಟು ಪ್ರಶ್ನೆ ಕೊಡುತ್ತಾರೆ, ನಾಲ್ಕಕ್ಕೆ ಉತ್ತರ, ಒಂದೊಂದಕ್ಕೆ 350 ಪದ. ಅಲ್ಲಿ ‘ನಾನು ಭಾರತದಿಂದ ಬಂದೆ, ಹೊಂದಿಕೊಳ್ಳಲು ಕಷ್ಟವಾಯಿತು’ ಅಂತ ಶುರು ಮಾಡಬೇಡ. ಕೆರೆ ಬರಲಿ, ಕ್ರೀಕ್ ಬರಲಿ. 9ನೇ ಕ್ಲಾಸಿನ ಕಾರಣ ಹೇಳಲು ಬೇರೆ ಜಾಗ ಇದೆ, ‘ಹೆಚ್ಚಿನ ಮಾಹಿತಿ’ ಅಂತ. ಅಲ್ಲಿ ನಾಲ್ಕು ಸಾಲು ಸಾಕು. ಹೊಸ ದೇಶ, ಹೋಮ್‌ವರ್ಕ್ ಪದ್ಧತಿ ಗೊತ್ತಿರಲಿಲ್ಲ, 38 ಬಾಕಿ, 10ರಿಂದ ಹೀಗೆ ಸರಿ ಮಾಡಿಕೊಂಡೆ. ಅಳು ಬೇಡ, ಟೀಚರ್ ಮೇಲೆ ದೂರೂ ಬೇಡ.

ಖಾರಾಬಾತ್

ಎನ್ವಿರಾನ್‌ಮೆಂಟಲ್ ಇಂಜಿನಿಯರಿಂಗ್ ಮರ್ಸೆಡ್‌ನಲ್ಲಿದೆ. ಈಗ ನಿನ್ನ 3.18 ಮಾತಾಡಬಹುದು. 12ರಲ್ಲಿ ಪ್ರೀಕ್ಯಾಲ್ಕುಲಸ್, ಫಿಸಿಕ್ಸ್ ಎರಡೂ ತೆಗೆದುಕೋ. ಸುಲಭದ ಕೋರ್ಸು ತುಂಬಿಕೊಂಡು ಎ ತಂದರೆ ಗೆರೆ ಮೇಲೆ ಹೋದಂತೆ ಕಾಣುತ್ತದೆ ಅಷ್ಟೇ, ಓದುವವರಿಗೆ ಗೊತ್ತಾಗುತ್ತದೆ. ಸೀಟು ಸಿಕ್ಕ ಮೇಲೂ ಕೈ ಬಿಡಬೇಡ. ಯೂಸಿ ಪ್ರವೇಶಕ್ಕೆ ಷರತ್ತಿದೆ, 12ರಲ್ಲಿ ಡಿ, ಎಫ್ ಇರಬಾರದು, 3.0 ಉಳಿಸಿಕೊಳ್ಳಬೇಕು. ನನ್ನ ಸ್ನೇಹಿತರ ಮಗಳೊಬ್ಬಳು ಮೇ ತಿಂಗಳಲ್ಲಿ ಕ್ಲಾಸಿಗೆ ಹೋಗುವುದನ್ನೇ ಬಿಟ್ಟಳು. ಜುಲೈನಲ್ಲಿ ಕಾಗದ ಬಂತು.

ಫ್ರೀಮಾಂಟ್ ಅಮ್ಮ

ಇದು ಅಮ್ಮ. ಓದಿದೆ. ಈಗ ಅಡುಗೆಮನೆಯಲ್ಲಿ ನಾವಿಬ್ಬರೂ ಮಾತಾಡುತ್ತಿಲ್ಲ. ನಾಳೆ ಬರೆಯುತ್ತೇನೆ.

ಫ್ರೀಮಾಂಟ್ ಅಮ್ಮ (ಏಪ್ರಿಲ್ 2026)

ನಾಳೆ ಅಂದಿದ್ದೆ, ಹತ್ತು ತಿಂಗಳಾಯಿತು. ಕ್ಷಮಿಸಿ.

ಕಂಪ್ಯೂಟರ್ ಸೈನ್ಸ್ ಬಿಡಲು ನನಗೆ ಸೆಪ್ಟೆಂಬರ್‌ವರೆಗೆ ಬೇಕಾಯಿತು. ಅವನ ಅಪ್ಪ ಒಂದೇ ಸಂಜೆಯಲ್ಲಿ ಒಪ್ಪಿಬಿಟ್ಟರು, ಅದಕ್ಕೆ ಅವರ ಮೇಲೂ ಒಂದು ವಾರ ಸಿಟ್ಟು. ನಾಲ್ಕು ಯೂಸಿ, ಮೂರು ಕ್ಯಾಲ್ ಸ್ಟೇಟ್‌ಗೆ ಹಾಕಿದೆವು. ಡೇವಿಸ್ ನನ್ನ ಹಟ, ಖಾರಾಬಾತ್ ಅವರು ಬೈಯಬಾರದು.

ಡೇವಿಸ್ ಇಲ್ಲ ಅಂದಿತು. ಸ್ಯಾಂಟಾ ಕ್ರೂಜ್ ಇಲ್ಲ. ಸ್ಯಾನ್ ಹೋಸೆ ಸ್ಟೇಟ್ ಇಲ್ಲ. ಆ ಮೂರು ಒಂದರ ಹಿಂದೆ ಒಂದು ಬಂದ ವಾರ ಮನೆಯಲ್ಲಿ ಟಿವಿ ಕೂಡ ಹಾಕಲಿಲ್ಲ. ರಿವರ್‌ಸೈಡ್ ವೇಟ್‌ಲಿಸ್ಟ್. ಈಸ್ಟ್ ಬೇ, ಸ್ಯಾಕ್ರಮೆಂಟೋ ಎರಡೂ ಬಂತು. ಮರ್ಸೆಡ್ ಬಂತು, ಎನ್ವಿರಾನ್‌ಮೆಂಟಲ್ ಇಂಜಿನಿಯರಿಂಗಿಗೆ.

ಅವನು ಓಲೋನಿ ಬಗ್ಗೆಯೂ ಸೀರಿಯಸ್ಸಾಗಿ ಯೋಚಿಸಿದ. ಡಿ ಆಂಜಾ ಅವರೇ, ನಿಮ್ಮ ಕಥೆಯನ್ನು ಅವನು ಪ್ರಿಂಟ್ ತೆಗೆದು ಇಟ್ಟುಕೊಂಡಿದ್ದಾನೆ. ಆದರೆ 2028ರ ಅಕ್ಟೋಬರ್ ಬಂದಾಗ ಒಂದು ಕಾಲೇಜಿನಿಂದ ಇನ್ನೊಂದಕ್ಕೆ ಹೋಗಿ ಎರಡೇ ತಿಂಗಳಾಗಿರುತ್ತದೆ, ಅದರ ಮಧ್ಯೆಯೇ ವೀಸಾ ಬದಲಾವಣೆ. ಅದು ಬೇಡ ಅನ್ನಿಸಿತು. ಮರ್ಸೆಡ್‌ನ ರೆಸಿಡೆನ್ಸಿ ಆಫೀಸಿನ ಉತ್ತರ ಇಮೇಲಿನಲ್ಲಿದೆ, ಪೇಡೆ ಸರ್ ಹೇಳಿದ ಹಾಗೆ.

ಹೋದ ಶನಿವಾರ ನೋಡಿಕೊಂಡು ಬಂದೆವು. ಇಲ್ಲಿಂದ ಎರಡು ಗಂಟೆ ದಾರಿ. 2005ರಲ್ಲಿ ಶುರುವಾದ ಕ್ಯಾಂಪಸ್, ಸುತ್ತ ಹುಲ್ಲುಗಾವಲು, ದನ ಮೇಯುತ್ತಿದ್ದವು. ನನಗೆ ಒಂದು ಕ್ಷಣ ಇದೇನು ಯೂನಿವರ್ಸಿಟಿಯಾ ಅನ್ನಿಸಿತು. ಅವನು ಕಾರಿನಿಂದ ಇಳಿದವನೇ ಪಕ್ಕದಲ್ಲಿದ್ದ ಕಾಲುವೆಯ ಹತ್ತಿರ ಹೋಗಿ ಬಗ್ಗಿ ನೋಡುತ್ತಾ ನಿಂತ.

12ರ ಮೊದಲ ಸೆಮಿಸ್ಟರ್ 3.5. ಸ್ವಲ್ಪ ಇಳಿದಿದೆ, ಫಿಸಿಕ್ಸ್‌ನಲ್ಲಿ ಸಿ. ಫ್ರಿಜ್ ಮೇಲಿನ ಹಾಳೆ ಇನ್ನೂ ಇದೆ.

ಒಂದು ಕೊನೇ ಪ್ರಶ್ನೆ. ಹಾಸ್ಟೆಲ್ ರೂಮಿನಲ್ಲಿ ಇಂಡಕ್ಷನ್ ಒಲೆ ಇಟ್ಟುಕೊಳ್ಳಲು ಬಿಡುತ್ತಾರಾ?

ಡಿ ಆಂಜಾ ಹಳೇ ಹುಡುಗ

ಬಿಡಲ್ಲ ಆಂಟಿ. ಚಟ್ನಿಪುಡಿ, ತುಪ್ಪ ಕಳಿಸಿ. ಅನ್ನ ಮೆಸ್ಸಿನಲ್ಲಿ ಸಿಗುತ್ತೆ.